ಕರ್ಣಪರ್ವ: ಮೂರು ತಾಸು ಇಪ್ಪತ್ತು ನಿಮಿಷ

ಜೂನ್ 14, 2008, ಶನಿವಾರ

ಶಾಲೆ ಬಿಟ್ಟವಳೇ ಶಿರಸಿಯಿಂದ ಮಧ್ಯಾಹ್ನದ ಬಸ್ಸಿಗೆ ಊರಿಗೆ ಬಂದೆ. ಮಳೆ ಬಿಡುವ ಲಕ್ಷಣವಿಲ್ಲ. ತಮ್ಮ ಅಟ್ಟದಿಂದ ಟ್ರಂಕು ಇಳಿಸಿಕೊಟ್ಟ. ವಿಎಚ್‌ಎಸ್ ಟೇಪು ಎರಡೂ ಇವೆ. ಚೀಟಿಯಲ್ಲಿ ಅಪ್ಪಯ್ಯನ ಅಕ್ಷರ: ‘ಕರ್ಣಪರ್ವ. ತಾಳಮದ್ದಲೆ. ಮನೆ ಜಗಲಿ. 1993.’

ಕಿಂಡಿಯಲ್ಲಿ ಇಣುಕಿದರೆ ಸುರುಳಿಯ ಅಂಚಿಗೆ ಬಿಳಿ ಬೂಷ್ಟು. ಹದಿನೈದು ಮಳೆಗಾಲ ಕಂಡ ಟೇಪು. ಹಾಗೇ ವಿಸಿಆರ್‌ಗೆ ಹಾಕಿದರೆ ಬೂಷ್ಟು ಹೆಡ್ಡಿಗೆ ಮೆತ್ತಿಕೊಳ್ಳುತ್ತದೆ, ಒಂದರದ್ದು ಇನ್ನೊಂದಕ್ಕೆ ದಾಟುತ್ತದೆ. ಒಣಗಬೇಕು ಮೊದಲು. ಸಿಲಿಕಾ ಜೆಲ್ ಚೀಲಗಳ ಜೊತೆ ಡಬ್ಬಿಯಲ್ಲಿಟ್ಟು ಮುಚ್ಚಿದೆ.

ಆಯಿ ಏನೂ ಕೇಳಲಿಲ್ಲ. ಡಬ್ಬಿಯನ್ನು ಒಲೆಯಿಂದ ದೂರ ಸರಿಸಿಟ್ಟಳು.

ಜೂನ್ 21, ಶನಿವಾರ, ರಾತ್ರಿ

ಕ್ಯಾಸೆಟ್ ಬಿಚ್ಚಿ ಅಂಚು ಒರೆಸಿದೆ. ವಿಸಿಆರ್‌ನ ಹೆಡ್ಡನ್ನು ಸ್ಪಿರಿಟ್ಟಿನಲ್ಲಿ ಅದ್ದಿದ ಮೆತ್ತನೆಯ ತೊಗಲಿನಿಂದ ಒರೆಸಿ ಆರಲು ಬಿಟ್ಟೆ. ಅಣ್ಣ ಬೆಂಗಳೂರಿನಿಂದ ಕಳಿಸಿದ ಹ್ಯಾಂಡಿಕ್ಯಾಮ್ ನಡುವೆ ಕೂತಿದೆ. ವಿಸಿಆರ್‌ನಿಂದ ಅದಕ್ಕೆ, ಅದರಿಂದ ಕಂಪ್ಯೂಟರಿಗೆ. ಒಂದು ತಾಸಿಗೆ ಹದಿಮೂರು ಜಿಬಿ ನುಂಗುತ್ತದೆ.

ಮೊದಲು ಬರೀ ಗೆರೆ. ಆಮೇಲೆ ಟ್ಯೂಬ್‌ಲೈಟು, ಜಮಖಾನ, ಭಾಗವತರ ಮುಂದೆ ನೀರಿನ ಚೊಂಬು. ಅಪ್ಪಯ್ಯ ಎಡಕ್ಕೆ, ಶಾಲು ಮಡಚಿ ತೊಡೆಯ ಮೇಲೆ. ಪಕ್ಕದಲ್ಲೇ ಅಪ್ಪಯ್ಯನ ತಮ್ಮ, ಅಪ್ಪಚ್ಚಿ. ಅಪ್ಪಯ್ಯ ಕರ್ಣ, ಅಪ್ಪಚ್ಚಿ ಶಲ್ಯ.

ಧ್ವನಿ ಬಂತು. ಅಪ್ಪಯ್ಯ ಹೋಗಿ ಒಂಬತ್ತು ವರ್ಷ. ಇಷ್ಟು ತೆಳ್ಳಗಿನ ಸ್ವರವೆಂದು ನನಗೆ ನೆನಪಿರಲಿಲ್ಲ. ಟೇಪು ಸವೆದದ್ದಕ್ಕೋ, ನನ್ನ ನೆನಪೇ ದಪ್ಪವಾಯಿತೋ.

ಜೂನ್ 22, ಭಾನುವಾರ

ಎರಡು ಟೇಪಿನ ನಡುವೆ ಸಂದು ಇದೆ. ಮೂರು ತಾಸಿನ ಟೇಪು, ತುಂಬಿದ ಮೇಲೆ ಸ್ಟುಡಿಯೋದವನು ಬದಲಿಸಿದ್ದಾನೆ. ಅಷ್ಟರಲ್ಲಿ ಮಾತು ಮುಂದೆ ಹೋಗಿದೆ. ಸರ್ಪಾಸ್ತ್ರ ಗುರಿ ತಪ್ಪಿದೆ, ಮತ್ತೊಮ್ಮೆ ತೊಡು ಎಂದು ಶಲ್ಯ ಹೇಳುತ್ತಿದ್ದಾನೆ, ತೊಟ್ಟದ್ದನ್ನು ಮತ್ತೆ ತೊಡಲಾರೆ ಎಂದು ಕರ್ಣ. ಅಲ್ಲಿಗೆ ಟೇಪು ಮುಗಿಯಿತು. ಎರಡನೆಯದು ಶುರುವಾಗುವಾಗ ಶಲ್ಯ ರಥ ಇಳಿದಾಗಿದೆ. ಅಪ್ಪಚ್ಚಿ ವೀಳ್ಯದ ತಟ್ಟೆಗೆ ಕೈ ಹಾಕುತ್ತಿದ್ದಾನೆ.

ಇಳಿಯುವಾಗ ಏನು ಹೇಳಿದ್ದ?

ಜೂನ್ 23, ಸೋಮವಾರ

ಲೆಕ್ಕ. ಎರಡೂ ಸೇರಿ ಮೂರು ತಾಸು ಇಪ್ಪತ್ತು ನಿಮಿಷ, ಅಂದರೆ 12,000 ಸೆಕೆಂಡು. ಡಿವಿಡಿ ಡಬ್ಬಿಯ ಮೇಲೆ 4.7 ಜಿಬಿ ಅಂತಿರುತ್ತದೆ, ಕಂಪ್ಯೂಟರಿನ ಎಣಿಕೆಯಲ್ಲಿ ಅದೇ 4.38. ಚಿತ್ರ, ಧ್ವನಿ ಎರಡೂ ಸೇರಿ ಸೆಕೆಂಡಿಗೆ 3.1 ಮೆಗಾಬಿಟ್ಟಿಗಿಂತ ಮೇಲೆ ಹೋಗುವಂತಿಲ್ಲ. ಪೂರ್ತಿ ಅಳತೆಯ ಚಿತ್ರ, 720ಕ್ಕೆ 576, ಇಷ್ಟರಲ್ಲಿ ಹೊಟ್ಟೆ ತುಂಬಿಸಿಕೊಳ್ಳದು. ಕೈ ಆಡಿದಲ್ಲೆಲ್ಲ ಚೌಕ ಚೌಕ ಒಡೆಯುತ್ತದೆ.

352ಕ್ಕೆ 576 ಕೂಡ ಡಿವಿಡಿಯ ನಿಯಮದಲ್ಲಿ ಇದೆ. ಅಗಲ ಅರ್ಧ, ಎತ್ತರ ಪೂರ್ತಿ. ಪ್ಲೇಯರ್ ತಾನೇ ಹಿಗ್ಗಿಸಿ ತೋರಿಸುತ್ತದೆ. ವಿಎಚ್‌ಎಸ್‌ನಲ್ಲಿ ಅದಕ್ಕಿಂತ ಹೆಚ್ಚು ವಿವರ ಮೊದಲೇ ಇಲ್ಲ, ಹಾಗಾಗಿ ಕಳೆದುಕೊಳ್ಳುವುದೂ ಇಲ್ಲ. ಅದೂ ತಾಳಮದ್ದಲೆ. ವೇಷವಿಲ್ಲ, ಕುಣಿತವಿಲ್ಲ. ಕೂತವರು ಕೂತಲ್ಲೇ. ಬಯಲಾಟವಾಗಿದ್ದರೆ ಒಂದೇ ಡಿಸ್ಕಿಗೆ ಹಿಡಿಸುವ ಮಾತೇ ಇರಲಿಲ್ಲ.

ಧ್ವನಿಯಲ್ಲಿ ಜಿಪುಣತನ ಬೇಡ. ಇಲ್ಲಿ ಇರುವುದೇ ಮಾತು.

ಜೂನ್ 28, ಶನಿವಾರ

ಮಾದರಿ ಡಿಸ್ಕು ಬರೆದು ಹಳೇ ಪಿಕ್ಚರ್ ಟ್ಯೂಬ್ ಟೀವಿಗೆ ಹಾಕಿ ನೋಡಿದೆ. ಭಾಗವತರು ಜಾಗಟೆ ಬಡಿಯುವ ಕೈ ನಡುಗುತ್ತದೆ, ಮುಂದೆ ಹೋಗಿ ಹಿಂದೆ ಬಂದಂತೆ. ಕಂಪ್ಯೂಟರಿನಲ್ಲಿ ಇದು ಕಾಣುವುದೇ ಇಲ್ಲ.

ಕಾರಣ ರಾತ್ರಿ ಹತ್ತಕ್ಕೆ ಸಿಕ್ಕಿತು. ಟೀವಿಯ ಒಂದೊಂದು ಚಿತ್ರವೂ ಎರಡು ಅರ್ಧಗಳಲ್ಲಿ ಬರುತ್ತದೆ: ಬೆಸ ಸಾಲು ಒಮ್ಮೆ, ಸಮ ಸಾಲು ಒಮ್ಮೆ. ಹ್ಯಾಂಡಿಕ್ಯಾಮಿನ ಡಿವಿ ಕಡತದಲ್ಲಿ ಕೆಳಗಿನ ಸಾಲು ಮೊದಲು. ಎನ್‌ಕೋಡ್ ಮಾಡುವ ತಂತ್ರಾಂಶ ಮೇಲಿನದು ಮೊದಲೆಂದು ತಾನೇ ಊಹಿಸಿಕೊಂಡಿದೆ. ಒಂದು ಗುರುತು ಬದಲಿಸಿದರೆ ಮುಗಿಯಿತು, ಆದರೆ ಇಡೀ ರಾತ್ರಿ ಮತ್ತೆ ಓಡಬೇಕು.

ಯಾವುದೇ ಡಿಸ್ಕನ್ನು ಟೀವಿಯಲ್ಲಿ ನೋಡದೆ ಆಯಿತು ಅನ್ನಬಾರದು.

ಜುಲೈ 3, ಗುರುವಾರ

ಕರೆಂಟಿಲ್ಲ. ನಿನ್ನೆ ಸಂಜೆ ಹೋದದ್ದು. ಯುಪಿಎಸ್ ಹತ್ತು ನಿಮಿಷ ತಡೆಯುತ್ತದೆ, ಅಷ್ಟೆ. ಎನ್‌ಕೋಡ್ ಅರ್ಧಕ್ಕೆ ನಿಂತಿದೆ. ಒಂಬತ್ತನೆಯ ತರಗತಿಯ ನೋಟ್‌ಬುಕ್ಕುಗಳನ್ನು ದೀಪದಲ್ಲಿ ತಿದ್ದಿದೆ.

ಜುಲೈ 6, ಭಾನುವಾರ

ಆಯಿಗೆ ಕಡತ ತೋರಿಸಿದೆ. ಹತ್ತು ನಿಮಿಷ ಸುಮ್ಮನೆ ನೋಡಿದಳು. ಆಮೇಲೆ, “ಮಾತು ಇರಲಿ ಕೂಸೇ. ಮದ್ಲು ಪದ್ಯ ಹಾಕು.”

ಪದ್ಯ ಎಲ್ಲಿದೆ ಎಂದು ಹುಡುಕಲು ಅವಳಿಂದಾಗದು. ರಿಮೋಟಿನಲ್ಲಿ ಅವಳಿಗೆ ಗೊತ್ತಿರುವುದು ಕೆಂಪು ಗುಂಡಿ ಮತ್ತು ಮುಂದಕ್ಕೆ ಹೋಗುವ ಬಾಣ. ಒಂದು ಟೈಟಲಿನಲ್ಲಿ 99 ಅಧ್ಯಾಯದವರೆಗೆ ಇಡಬಹುದು. ಪ್ರತಿ ಪದ್ಯದ ಆರಂಭಕ್ಕೇ ಅಧ್ಯಾಯ ಇಟ್ಟರೆ ಬಾಣ ಒತ್ತಿದೊಡನೆ ಮುಂದಿನ ಪದ್ಯ. ಇಡೀ ಮಧ್ಯಾಹ್ನ ಅದೇ ಕೆಲಸ. ಭಾಗವತರು ಶ್ರುತಿ ಹಿಡಿಯುವ ಆ ಒಂದು ಉಸಿರು ಒಳಗೆ ಉಳಿಯಬೇಕು. ಅದು ಕಡಿದರೆ ಪದ್ಯ ತಲೆಯಿಲ್ಲದ್ದಾಗುತ್ತದೆ.

ಮೆನು ಬೇಡವೆಂದು ತೀರ್ಮಾನ. ಅಣ್ಣ ಫೋನಿನಲ್ಲಿ, “ಚಂದದ ಮೆನು ಮಾಡು, ಅಪ್ಪಯ್ಯನ ಫೋಟೋ ಹಾಕು” ಅಂದ. ಮೆನು ಬಂದರೆ ಆಯಿ ಅಲ್ಲೇ ನಿಲ್ಲುತ್ತಾಳೆ. ಡಿಸ್ಕು ಹಾಕಿದೊಡನೆ ಆಟ ಶುರುವಾಗಬೇಕು. ಒಂದೇ ಒಂದು ಹೆಸರಿನ ಪುಟ, ಐದು ಸೆಕೆಂಡು, ಅಕ್ಷರ ಅಂಚಿನಿಂದ ಒಳಗೆ. ಹಳೇ ಟೀವಿ ನಾಲ್ಕೂ ಬದಿಯಲ್ಲಿ ಒಂದಿಷ್ಟು ನುಂಗುತ್ತದೆ. ಟೇಪಿನ ಕೆಳ ಅಂಚಿನಲ್ಲಿ ಹರಿದಂತೆ ಕಾಣುವ ಗೆರೆಯನ್ನೂ ಅದೇ ನುಂಗುತ್ತದೆ, ಕತ್ತರಿಸುವ ಗೋಜಿಲ್ಲ.

ಜುಲೈ 12, ಶನಿವಾರ

ಬರೆದಾಯಿತು. ವಿಡಿಯೋ_ಟಿಎಸ್ ಫೋಲ್ಡರು, ಒಳಗೆ ಐಎಫ್‌ಒ, ಅದರ ನಕಲು ಬಿಯುಪಿ, ಒಂದೊಂದು ಜಿಬಿ ಮೀರದ ವಿಒಬಿ ತುಂಡುಗಳು. ಡಿಸ್ಕು ಮುಚ್ಚಿತು, ಅಂದರೆ ಫೈನಲೈಸ್ ಆಯಿತು. ತಾಳೆ ನೋಡಿದೆ, ಸರಿಯಿತ್ತು. ಊರಿಗೆ ತಂದೆ.

ಮೂರು ತಾಸಿಗೂ ಮಿಕ್ಕಿ ಚೆನ್ನಾಗಿ ಓಡಿತು. ಪಕ್ಕದ ಮನೆಯವರೂ ಬಂದು ಕೂತಿದ್ದರು. ಶಲ್ಯ ಇಳಿದ, ರಥದ ಚಕ್ರ ಹೂತಿತು. ಕರ್ಣ ಮಾತು ಎತ್ತಿದ. ಅಲ್ಲಿಂದ ಅಪ್ಪಯ್ಯನ ಮುಖ ಚೌಕ ಚೌಕ. ಒಂದು ಶಬ್ದ ಬಂತು, ಎರಡು ಹಾರಿತು. ಕೊನೆಗೆ ನಿಂತೇ ಹೋಯಿತು. ಪ್ಲೇಯರ್ ಒಳಗೆ ಗರ ಗರ.

ಯಾರೂ ಏನೂ ಅನ್ನಲಿಲ್ಲ. ಆಯಿ ಎದ್ದು ಬಿಸಿನೀರಿನ ಒಲೆಗೆ ಬೆಂಕಿ ಮಾಡಲು ಹೋದಳು.

ಅದೇ ದಿನ, ರಾತ್ರಿ 11

ಡಿಸ್ಕಿನ ಬರವಣಿಗೆ ಒಳಗಿನಿಂದ ಹೊರಗೆ. ಕೊನೆಯ ಅರ್ಧ ತಾಸು ಬೀಳುವುದು ಹೊರ ಅಂಚಿಗೆ. ಅಗ್ಗದ ಖಾಲಿ ಡಿವಿಡಿಯಲ್ಲಿ ಬಣ್ಣದ ಲೇಪ ಕೈಕೊಡುವುದೂ ಅಲ್ಲೇ, ಎಂಟರ ವೇಗದಲ್ಲಿ ಬರೆಯುವಾಗ ಲೇಸರ್ ತಡವರಿಸುವುದೂ ಅಲ್ಲೇ. ಕಂಪ್ಯೂಟರಿನ ಡ್ರೈವು ಎಷ್ಟು ಸಲ ಬೇಕಾದರೂ ಹಿಂದೆ ಹೋಗಿ ಓದೀತು. ಟೀವಿಯ ಕೆಳಗಿನ ಪೆಟ್ಟಿಗೆಗೆ ಅಷ್ಟು ವ್ಯವಧಾನವಿಲ್ಲ.

ಕರ್ಣನ ಕೊನೆ ಅಂಚಿನಿಂದ ಒಳಗೆ ಬರಬೇಕು. 4.3 ಜಿಬಿಗಿಂತ ಹೆಚ್ಚು ತುಂಬುವುದಿಲ್ಲ. ಚಿತ್ರಕ್ಕೆ ಸೆಕೆಂಡಿಗೆ ಎರಡೂವರೆ ಮೆಗಾಬಿಟ್ಟು, ಸಾಕು. ನಾಲ್ಕರ ವೇಗ. ಬೇರೆ ಖಾಲಿ ಡಿಸ್ಕು.

ಎರಡು ಪದರದ ಡಿಸ್ಕು ತಾ, 8.5 ಜಿಬಿ ಇರುತ್ತದೆ ಎಂದ ಅಣ್ಣ. ಹಳೇ ಪ್ಲೇಯರುಗಳು ಪದರ ದಾಟುವಲ್ಲಿ ಎಡವುತ್ತವೆ. ಬೇಡ.

ಜುಲೈ 20, ಭಾನುವಾರ

ಖಾಲಿ ಡಿವಿಡಿಯಲ್ಲಿ ಎರಡು ಜಾತಿ: ಡ್ಯಾಶ್ ಆರ್, ಪ್ಲಸ್ ಆರ್. ಎರಡರಲ್ಲೂ ಬರೆದು ಮನೆ ಮನೆಗೆ ಒಯ್ದೆ. ಕೇರಿಯಲ್ಲಿ ಈಗ ಪ್ಲೇಯರ್ ಇಲ್ಲದ ಮನೆಯೇ ಇಲ್ಲ. ಪೇಟೆಯಲ್ಲಿ ಮೋಸರ್ ಬೇರ್‌ನವರ ಸಿನಿಮಾ ಡಿಸ್ಕು ಮೂವತ್ತು ರೂಪಾಯಿಯ ಆಸುಪಾಸಿಗೆ ಸಿಗುತ್ತದೆ. ಅಡಿಕೆ ಮಾರಲು ಹೋದವರು ಅಕ್ಕಿಯ ಜೊತೆ ಒಂದು ಸಿನಿಮಾ ತರುತ್ತಾರೆ.

ಹೆಸರಿಲ್ಲದ ಅಗ್ಗದ ಪ್ಲೇಯರ್ ಎರಡನ್ನೂ ಓದಿತು. ಅಣ್ಣ ಮದುವೆಗೆ ಕೊಂಡ ದುಬಾರಿ ಪ್ಲೇಯರ್ ಪ್ಲಸ್ ಆರ್ ಕಂಡರೆ ‘ಡಿಸ್ಕ್ ಇಲ್ಲ’ ಎನ್ನುತ್ತದೆ. ಪ್ಲಸ್ ಡಿಸ್ಕಿನ ಮೇಲೆ ತಾನು ಯಾವ ಜಾತಿಯದೆಂದು ಒಂದು ಗುರುತಿರುತ್ತದೆ. ಬರೆಯುವಾಗ ಅದನ್ನು ಡಿವಿಡಿ-ರಾಮ್ (ROM) ಎಂದು ಬದಲಿಸಿದರೆ ಆ ಪ್ಲೇಯರ್ ಕೂಡ ಒಪ್ಪುತ್ತದೆ. ಡಿಸ್ಕು ಬರೆಯುವ ತಂತ್ರಾಂಶ ಇಮ್ಗ್‌ಬರ್ನ್‌ನಲ್ಲಿ ಅನುಕೂಲವಿದೆ, ನನ್ನ ಡ್ರೈವು ಒಪ್ಪುವುದಿಲ್ಲ. ಎಲ್ಲರಿಗೂ ಡ್ಯಾಶ್ ಆರ್.

ಕೊನೆಯವರೆಗೂ ನೋಡಿದೆ. ಚಕ್ರ ಹೂತ ಮೇಲಿನ ಮಾತು ಒಂದಕ್ಷರ ಹಾರಲಿಲ್ಲ. ಅಪ್ಪಯ್ಯ ಅಲ್ಲಿ ಕೆಮ್ಮುತ್ತಾನೆ. ಕತ್ತರಿಸಲೇ ಎಂದು ಕೇಳಿದೆ. ಆಯಿ ತಲೆ ಆಡಿಸಿದಳು, ಬೇಡವೆಂದು.

ಅಂಟು ಚೀಟಿ ಹಚ್ಚುವುದಿಲ್ಲ. ಈ ತಂಡಿಯಲ್ಲಿ ಅಂಟು ಎದ್ದು, ತಿರುಗುವಾಗ ಡಿಸ್ಕು ಓಲಾಡುತ್ತದೆ. ಡಿಸ್ಕಿಗೆಂದೇ ಬರುವ ಪೆನ್ನಿನಲ್ಲಿ, ನಡುವಿನ ಪಾರದರ್ಶಕ ಉಂಗುರದ ಮೇಲೆ ಹೆಸರು ಬರೆದೆ.

ಆಗಸ್ಟ್ 1, ಶುಕ್ರವಾರ

ಭೀಮನ ಅಮಾವಾಸ್ಯೆ. ಗ್ರಹಣವೂ. ಮೋಡದಲ್ಲಿ ಸೂರ್ಯನೇ ಕಾಣಲಿಲ್ಲ, ಗ್ರಹಣ ಎಲ್ಲಿಯದು. ಆಯಿ ಮೋಕ್ಷದವರೆಗೆ ನೀರೂ ಮುಟ್ಟಲಿಲ್ಲ. ಸುಮ್ಮನೆ ಕೂತಿದ್ದವಳು ತಾನಾಗಿ ಹೇಳಿದಳು, ಆ ಸಂದಿನಲ್ಲಿ ಏನಾಯಿತೆಂದು.

ಶಲ್ಯ ಎದ್ದನಂತೆ. ಆಗ ಅಪ್ಪಯ್ಯ, “ಮಾವಾ, ಇಳಿಯುವುದಾದರೆ ಇಳಿ. ಕುದುರೆಗಳಿಗೆ ಒಂದು ಮಾತು ಹೇಳಿ ಇಳಿ. ಅವು ನಿನ್ನ ಕೈ ನಂಬಿದವು” ಎಂದನಂತೆ. ಜಗಲಿಯಲ್ಲಿ ಕೂತ ಹೆಂಗಸರೆಲ್ಲ ಸೆರಗು ಕಣ್ಣಿಗೆ ಒತ್ತಿಕೊಂಡರಂತೆ.

ಹಿಸ್ಸೆಯಾದದ್ದು ಅದರ ಮರುವರ್ಷ. ಅಪ್ಪಯ್ಯ, ಅಪ್ಪಚ್ಚಿ ಮಾತು ಬಿಟ್ಟದ್ದೂ ಆಗಲೇ. ಆಟಕ್ಕೂ ಮನೆಗೂ ಗಂಟು ಹಾಕಬಾರದು. ಆಟ ಆಟವೇ. ಆದರೂ ಬರೆದಿಡುತ್ತಿದ್ದೇನೆ.

ಆಗಸ್ಟ್ 6, ಬುಧವಾರ

ನಾಗರ ಪಂಚಮಿ. ಹುತ್ತಕ್ಕೆ ಹಾಲೆರೆದು ಬರುವಾಗ ತೋಟದ ಆಚೆ ಅಪ್ಪಚ್ಚಿ ಕಂಡ. ಕೊಡೆ ತಗ್ಗಿಸಿಕೊಂಡು ಹೋದ.

ಅವನಿಗೂ ಒಂದು ಡಿಸ್ಕು ಕೊಡಬೇಕೆಂದಿದ್ದೇನೆ. ಟೇಪಿನ ತುಂಬ ಅವನೂ ಇದ್ದಾನೆ. ತಮ್ಮನಿಗೆ ಇಷ್ಟವಿಲ್ಲ. “ಎಂತಕ್ಕೆ?” ಅಂದ. ಉತ್ತರ ನನ್ನ ಹತ್ತಿರವೂ ಇಲ್ಲ.

ಅವನ ಮನೆಯಲ್ಲಿರುವುದು ವಿಸಿಡಿ ಪ್ಲೇಯರ್. ಡಿವಿಡಿ ಓದದು. ವಿಸಿಡಿಯದು ಬೇರೆಯೇ ಲೆಕ್ಕ: ಚಿತ್ರ 352ಕ್ಕೆ 288, ವೇಗ ಸೆಕೆಂಡಿಗೆ 1150 ಕಿಲೋಬಿಟ್, ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ. ಧ್ವನಿಯೂ ಬದಲು: ಡಿವಿಡಿಗೆ 48 ಕಿಲೋಹರ್ಟ್ಸ್ ಆದರೆ ಇದಕ್ಕೆ 44.1. ಒಂದು ಸಿಡಿಗೆ ಹೆಚ್ಚೆಂದರೆ 80 ನಿಮಿಷ. ಮೂರು ಸಿಡಿ ಬೇಕು. ಎಲ್ಲಿ ತುಂಡರಿಸುವುದು? ಮಾತಿನ ನಡುವೆ ಅಲ್ಲ. ಪದ್ಯ ಮುಗಿದು ಮದ್ದಲೆಯ ಮುಕ್ತಾಯ ಬಿದ್ದ ಮೇಲೆ.

ಆಗಸ್ಟ್ 10, ಭಾನುವಾರ

ನ್ಯೂ ಜೆರ್ಸಿಯಲ್ಲಿರುವ ಅತ್ತೆಯ ಮಗಳಿಗೂ ಬೇಕಂತೆ. ಅಲ್ಲಿನ ಟೀವಿಯ ಪದ್ಧತಿ ಬೇರೆ, ಎನ್‌ಟಿಎಸ್‌ಸಿ. ನಮ್ಮದು ಸೆಕೆಂಡಿಗೆ 25 ಚಿತ್ರ, ಅಲ್ಲಿ ಸುಮಾರು 30. ನಮ್ಮ ಪಾಲ್ ಡಿಸ್ಕನ್ನು ಅಲ್ಲಿನ ಹೆಚ್ಚಿನ ಪ್ಲೇಯರುಗಳು ತೆಗೆದುಕೊಳ್ಳುವುದಿಲ್ಲ. ಬದಲಿಸಿ ಕೊಡಬಹುದು, ಕೈಯ ಚಲನೆ ಎಳೆದೆಳೆದು ಕಾಣುತ್ತದೆ. ಇದ್ದ ಹಾಗೇ ಕಳಿಸುತ್ತೇನೆ, ಲ್ಯಾಪ್‌ಟಾಪಿನಲ್ಲಿ ನೋಡಿಕೊಳ್ಳಲಿ.

ಬರೀ ಕಡತವನ್ನೇ ಸಿಡಿಗೆ ತುಂಬಿ ಕೊಟ್ಟರಾಗದೇ ಎಂದು ತಮ್ಮ. ಅವನ ಗೆಳೆಯ ಹಾಗೇ ಕೊಟ್ಟ ಎವಿಐ ಡಿಸ್ಕು ನಮ್ಮ ಮನೆಯಲ್ಲಿ ಓಡುತ್ತದೆ, ಎದುರು ಮನೆಯಲ್ಲಿ ಇಲ್ಲ. ಯಾರ ಮನೆಗೆ ಹೋದರೂ ಓಡಬೇಕೆಂದರೆ ನಿಯಮದ ಪ್ರಕಾರವೇ ಕಟ್ಟಬೇಕು, ಅಡ್ಡದಾರಿ ಇಲ್ಲ.

ಆಗಸ್ಟ್ 15, ಶುಕ್ರವಾರ

ಶಾಲೆಯಲ್ಲಿ ಧ್ವಜ ಏರಿಸುವಾಗಲೂ ಮಳೆ. ಅಪ್ಪಚ್ಚಿಯ ಮೊಮ್ಮಗ ಶಿರಸಿಯಲ್ಲೇ ಓದುವುದು. ಅವನ ಕೈಯಲ್ಲಿ ಮೂರು ಸಿಡಿ ಕಳಿಸಿದೆ. ಚೀಟಿ ಇಡಲಿಲ್ಲ.

ಆಗಸ್ಟ್ 24, ಭಾನುವಾರ

ಬೆಳಿಗ್ಗೆ ಏಳಕ್ಕೆ ಫೋನು. ಸ್ವರ ಗೊತ್ತಾಗಲಿಲ್ಲ ಮೊದಲು. “ಎಲ್ಡನೇ ಸಿಡಿ ಕಡೇಲಿ ನಿಂತು ಹೋಗ್ತು. ಬೇರೆ ಇದ್ರೆ ಕಳ್ಸು.” ಅಷ್ಟೇ. ಇಟ್ಟುಬಿಟ್ಟ.

ಕೈ ನಡುಗಿತು. ಇಷ್ಟು ವರ್ಷಗಳ ಮೇಲೆ ನಮ್ಮ ಮನೆಯವರ ಜೊತೆ ಅಪ್ಪಚ್ಚಿ ಆಡಿದ ಮೊದಲ ಮಾತು.

ಕೂತು ಯೋಚಿಸಿದೆ. ಹಳೇ ಪ್ಲೇಯರ್, ಲೇಸರ್ ಬಲ ಇಳಿದಿದೆ. ಅರುವತ್ತೇಳು ನಿಮಿಷ ತುಂಬಿದರೆ ಅದಕ್ಕೆ ಹೊರ ಅಂಚು ಎಟುಕುತ್ತಿಲ್ಲ. ಮೂರರ ಬದಲು ನಾಲ್ಕು ಮಾಡಿದರೆ ಒಂದೊಂದಕ್ಕೆ ಐವತ್ತು ನಿಮಿಷ, ಎಲ್ಲವೂ ಒಳಗೇ ಉಳಿಯುತ್ತದೆ. ಡ್ರೈವು ಒಪ್ಪುವ ಅತಿ ಕಡಿಮೆ ವೇಗ. ಕಡು ಬಣ್ಣದ ಸಿಡಿಗಿಂತ ತಿಳಿ ಬೆಳ್ಳಿ ಬಣ್ಣದ್ದನ್ನು ಇಂಥ ಪ್ಲೇಯರುಗಳು ಬೇಗ ಹಿಡಿಯುವುದನ್ನು ಕಂಡಿದ್ದೇನೆ.

ಆಗಸ್ಟ್ 31, ಭಾನುವಾರ

ನಾನೇ ಒಯ್ದೆ. ಚಿಕ್ಕಿ ಒಳಗೆ ಕರೆದು ಕಷಾಯ ಕೊಟ್ಟಳು. ಅಪ್ಪಚ್ಚಿ ಸಿಡಿ ಹಾಕಿದ. ನಾಲ್ಕನ್ನೂ ಕೊನೆಗೆ ಓಡಿಸಿ ನೋಡಿದೆವು. ನಿಲ್ಲಲಿಲ್ಲ.

ಸಂದಿನ ಹತ್ತಿರ ಬಂದಾಗ ಆಯಿ ಹೇಳಿದ ಮಾತನ್ನು ಹೇಳಿದೆ. ಬಹಳ ಹೊತ್ತು ಟೀವಿ ನೋಡಿದ. “ಅದು ನಿನ್ನ ಅಪ್ಪಯ್ಯ ಹೇಳಿದ್ದಲ್ಲ. ಕುದುರೆಗೆ ಹೇಳಿದ್ದು ಆನು. ಅಂವ ಎಂತದೂ ಹೇಳಿದ್ನಿಲ್ಲೆ. ಸುಮ್ಮನೆ ಕೂತಿದ್ದ.”

ಅಪ್ಪಯ್ಯ ಸುಮ್ಮನೆ ಕೂತಿದ್ದನೇ? ಅರ್ಥ ಹೇಳಲು ಕೂತವನು, ಅದೂ ಕರ್ಣ, ಅಂಥ ಜಾಗದಲ್ಲಿ? ಆಯಿಯ ಮಾತು ಖರೆಯೋ, ಇವನದೋ. ಕೇಳಲು ಟೇಪಿಲ್ಲ. ಭಾಗವತರೂ ಇಲ್ಲ.

ಸೆಪ್ಟೆಂಬರ್ 3, ಬುಧವಾರ

ಚೌತಿ. ಪಂಚಕಜ್ಜಾಯ, ಮಂಗಳಾರತಿ, ಊಟ. ಮೂರು ಗಂಟೆಗೆ ಡಿಸ್ಕು ಹಾಕಿದೆ. ಜಗಲಿ ತುಂಬ ಜನ. ಅದೇ ಜಗಲಿ. ಅಪ್ಪಚ್ಚಿ ಬರಲಿಲ್ಲ. ಚಿಕ್ಕಿ ಬಂದಳು, ಆಯಿಯ ಪಕ್ಕ ಕೂತಳು.

ಸಂದಿನ ಜಾಗದಲ್ಲಿ ಕಪ್ಪು ತೆರೆ, ‘ಇಲ್ಲಿ ಟೇಪು ಬದಲಾಗಿದೆ’ ಎಂದಷ್ಟೇ ಹಾಕಿದ್ದೇನೆ. ಇಬ್ಬರ ಮಾತನ್ನೂ ಅಲ್ಲಿ ಬರೆಯಲಿಲ್ಲ. ಬರೆದಿದ್ದರೆ ಇನ್ನೊಬ್ಬರದ್ದು ಸುಳ್ಳು ಅಂದಂತಾಗುತ್ತಿತ್ತು. ಬರೆಯಬೇಕಿತ್ತೇ ಎಂಬುದು ಈಗಲೂ ಕೊರೆಯುತ್ತಿದೆ.

ಆಯಿ ಬಾಣ ಒತ್ತಿ ಒತ್ತಿ ಪದ್ಯ ಕೇಳಿದಳು. ಯಾರನ್ನೂ ಕರೆಯಲಿಲ್ಲ.

ಸೆಪ್ಟೆಂಬರ್ 7, ಭಾನುವಾರ

ಪೇಟೆಯ ಸ್ಟುಡಿಯೋದವರು, “ಡಿವಿಡಿ ಆಯ್ತಲ್ಲ, ಟೇಪು ಯಾಕೆ, ಬಿಸಾಡಿ” ಎಂದರು. ಬಿಸಾಡುವುದಿಲ್ಲ. ಡಿವಿಡಿ ನೋಡುವುದಕ್ಕೆ, ಕಾಯುವುದಕ್ಕಲ್ಲ. ಎರಡೂವರೆ ಮೆಗಾಬಿಟ್ಟಿಗೆ ಹಿಂಡಿದ ಮೇಲೆ ಹಿಂಡಿದ್ದು ಮರಳಿ ಬರದು. ಡಿಸ್ಕಿನ ಬಣ್ಣವೂ ಬಿಸಿಲಿಗೆ, ತಂಡಿಗೆ ಮಾಸುವಂಥದ್ದೇ.

ಡಿವಿಡಿಗೆ ಹಿಂಡುವ ಮೊದಲಿನ ಡಿವಿ ಕಡತ, ಸುಮಾರು 43 ಜಿಬಿ, ಎರಡು ಹಾರ್ಡ್ ಡಿಸ್ಕಿನಲ್ಲಿ ಇಟ್ಟಿದ್ದೇನೆ: ಒಂದು ಶಿರಸಿಯಲ್ಲಿ, ಒಂದು ಬೆಂಗಳೂರಿನಲ್ಲಿ. ಟೇಪು ಎರಡೂ ಹೊಸ ಸಿಲಿಕಾ ಜೆಲ್ ಹಾಕಿದ ಡಬ್ಬಿಯಲ್ಲಿ, ನಿಲ್ಲಿಸಿ ಇಟ್ಟದ್ದು. ಪ್ರತಿ ಮನೆಗೂ ಹೇಳಿದ್ದೇನೆ: ಡಿಸ್ಕು ಎಡವತೊಡಗಿದರೆ ಎಸೆಯಬೇಡಿ, ತಂದುಕೊಡಿ, ಹೊಸದು ಬರೆದುಕೊಡುತ್ತೇನೆ.